ಡಿಕ್ಕಿ ಖಾಲಿ ಮಾಡಿದ್ರಾ?

ಭಾನುವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಹತ್ತೂಕಾಲು
ಮನೆ ಮುಂದೆ, ಕಾರಿನ ಒಳಗೆ, ಕಿಟಕಿ ಅರ್ಧ ಇಳಿಸಿಕೊಂಡು

ಪ್ರೀತಿಯ ಟೀಚರಮ್ಮಾ,

ನೋಡು, ನೀನು ಹೇಳಿದ ಹಾಗೇ ಶುರು ಮಾಡಿದ್ದೀನಿ. ಮೊದಲು ದಿನ, ಆಮೇಲೆ ಜಾಗ, ಆಮೇಲೆ ನಿನ್ನ ಹೆಸರಿನ ಬದಲು ನಾನಿಟ್ಟ ಹೆಸರು. "ನಿಮ್ಮ ವಾಯ್ಸ್ ನೋಟಿಗೆ ತಲೆ ಇಲ್ಲ ಬುಡ ಇಲ್ಲ ರೀ, ನಲ್ಲಿ ತಿರುಗಿಸಿ ಮರೆತು ಹೋದ ಹಾಗಿರುತ್ತೆ. ಹಿಂದೆ ಜನ ಕಾಗದ ಬರೀತಿದ್ರಲ್ಲ, ಹಾಗೆ ನೆಟ್ಟಗೆ ಮಾತಾಡಿ" ಅಂದೆಯಲ್ಲ ಹೋದ ವಾರ. ಸರಿ, ಇದನ್ನ ಕಾಗದ ಅಂತಲೇ ಅಂದ್ಕೋ. ಕೈಯಲ್ಲಿ ಬರೆದಿದ್ದಲ್ಲ, ಬಾಯಲ್ಲಿ ಬರೆದಿದ್ದು. ಒಂದೇ ಸಲಕ್ಕೆ ಕೇಳೋಕಾಗದಿದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ, ಸಾಯಂಕಾಲ ಅರ್ಧ ಕೇಳು. ಆದ್ರೆ ಕೊನೇ ತನಕ ಕೇಳು. ಮಧ್ಯದಲ್ಲಿ ಓಡಿಸ್ಕೊಂಡು ಹೋಗ್ತೀಯ ಅಂತ ನನಗೆ ಗೊತ್ತು, ಮಗಳು ಹೇಳಿದ್ದಾಳೆ.

ಮೊದಲು ಆರೋಗ್ಯ. ಎಡಗಾಲಿನ ಮಂಡಿ ಹೇಗಿದೆ? ಬೆಳಿಗ್ಗೆಯಿಂದ ಸಾಯಂಕಾಲದ ತನಕ ನಿಂತ್ಕೊಂಡೇ ಪಾಠ ಹೇಳ್ತೀಯ ಅಂತ ಗೊತ್ತಾಯ್ತು. ಅದನ್ನೂ ನೀನು ಹೇಳಿದ್ದಲ್ಲ, ಮಗಳು ಹೇಳಿದ್ದು. ಒಂದು ಸ್ಟೂಲ್ ಕೇಳು ಆಫೀಸಿನಲ್ಲಿ. ಕೇಳೋಕೆ ನಿನಗೆ ಸಂಕೋಚ. ಇಪ್ಪತ್ತು ಜನ ಹುಡುಗಿಯರ ಮುಂದೆ ಗದರೋಕೆ ಸಂಕೋಚ ಇಲ್ಲ, ಒಂದು ಸ್ಟೂಲ್ ಕೇಳೋಕೆ ಸಂಕೋಚ! ರಾತ್ರಿ ಮಲಗೋ ಮುಂಚೆ ಮಂಡಿಗೆ ಎಣ್ಣೆ ತಿಕ್ಕು. ಮಷೀನ್ ಎಣ್ಣೆ ಅಲ್ಲ ಮತ್ತೆ. ನಾನು ಚೆನ್ನಾಗಿದ್ದೀನಿ. ಸ್ವಲ್ಪ ಇಳಿದಿದ್ದೀನಿ ಅಂತ ಮಗಳು ಹೇಳ್ತಾಳೆ, ಬೆಲ್ಟ್ ಹಾಗೇನೂ ಹೇಳ್ತಿಲ್ಲ. ಅವಳು, ಅಳಿಯ ಇಬ್ಬರೂ ಎರಡು ದಿನಕ್ಕೊಂದು ಸಲ ಬಂದು ಫ್ರಿಜ್ ತೆಗೆದು ನೋಡಿ ಹೋಗ್ತಾರೆ, ತಪಾಸಣೆಗೆ ಬಂದೋರ ಹಾಗೆ. ಅಡುಗೆ ಮಾಡ್ತೀನಿ. ಅನ್ನ ಈಗ ಅನ್ನದ ಹಾಗೇ ಆಗುತ್ತೆ. ಕೆಮ್ಮು ಹೋಯ್ತು. ಮಿಕ್ಕಿದ್ದು ಏನೂ ಇಲ್ಲ... ಮಿಕ್ಕಿದ್ದೂ ಇದೆ ಅನ್ನು, ಅದಕ್ಕೇ ಈ ಕಾಗದ.

ಈಗ ಸುದ್ದಿ. ಸುದ್ದಿ ಅಂದ್ರೆ ಡಿಕ್ಕಿ.

ನೀನು ಆ ಹೊಲಿಗೆ ಶಾಲೆಗೆ ಪಾಠ ಹೇಳೋಕೆ ಅಂತ ಹೋಗಿ ಒಂಬತ್ತು ತಿಂಗಳಾಯ್ತು. ಈ ಒಂಬತ್ತು ತಿಂಗಳಲ್ಲಿ ನೀನು ಫೋನ್ ಮಾಡಿದಾಗೆಲ್ಲ ಮೊದಲನೇ ಪ್ರಶ್ನೆ ಊಟ ಆಯ್ತಾ, ಎರಡನೇ ಪ್ರಶ್ನೆ ಡಿಕ್ಕಿ ಖಾಲಿ ಮಾಡಿದ್ರಾ. ನಾನು ಮಾಡ್ತೀನಿ ಬಿಡೇ ಅಂತೀನಿ. ಮುಂದಿನ ವಾರ ಮತ್ತೆ, ಡಿಕ್ಕಿ ಖಾಲಿ ಮಾಡಿದ್ರಾ. ನಿಜ ಹೇಳ್ತೀನಿ, ನನಗೆ ರೇಗ್ತಿತ್ತು. ಒಂದು ದಿನದ ಬಸ್ ದಾರಿಯಷ್ಟು ದೂರ ಕೂತಿದ್ದಾಳೆ, ಗಂಡ ಹೇಗಿದ್ದಾನೆ ಅಂತ ಇಲ್ಲ, ಮನೆ ಹೇಗಿದೆ ಅಂತ ಇಲ್ಲ, ಕಾರಿನ ಹಿಂಭಾಗದ ಮೇಲೆ ಇವಳಿಗೆ ಇಷ್ಟೊಂದು ಅಕ್ಕರೆ ಯಾಕೆ ಅಂತ. ಅದಕ್ಕೆ ಹಟ ಬಂತು. ಖಾಲಿ ಮಾಡೋದಿಲ್ಲ ಹೋಗು ಅಂತ. ಐವತ್ತು ವರ್ಷದ ಗಂಡಸು ಡಿಕ್ಕಿ ಮೇಲೆ ಹಟ ಹಿಡಿದು ಕೂತಿದ್ದೆ ಅಂದ್ರೆ ನಿನ್ನ ಹುಡುಗಿಯರ ಮುಂದೆ ಹೇಳ್ಬೇಡ, ಮರ್ಯಾದೆ ಪ್ರಶ್ನೆ.

ಡಿಕ್ಕಿ ಹೇಗಿತ್ತು ಅಂತ ನಿನಗೆ ಬೇರೆ ಹೇಳ್ಬೇಕಾ. ನೀನಿದ್ದಾಗ ಅದು ತುಂಬಿದ್ರೂ ಲೆಕ್ಕಕ್ಕೆ ಸಿಗ್ತಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ, ಟೀಪುಡಿ ಡಬ್ಬಿಯಲ್ಲಿ ಬಾಬಿನ್ನು, ಎಡಕ್ಕೆ ಮೋಟಾರು, ಬಲಕ್ಕೆ ಬೆಲ್ಟುಗಳು, ನಡುವೆ ರಿಪೇರಿಗೆ ತಂದ ಹೊಲಿಗೆ ಮಷೀನಿನ ತಲೆ ಹಳೇ ರಗ್ಗಿನ ಮೇಲೆ. ಮನೆ ಮನೆಗೆ ರಿಪೇರಿಗೆ ಹೋಗುವಾಗ ಕಾರು ಓಡಿಸೋನು ನಾನು, ಪಕ್ಕದ ಸೀಟಿನಲ್ಲಿ ನೀನು. ತಿರುವಿನಲ್ಲಿ ಹಿಂದೆ ಏನಾದ್ರೂ ಹೊರಳಿದ್ರೆ ತಿರುಗಿ ನೋಡದೇ ಹೇಳ್ತಿದ್ದೆ: "ಬಾಬಿನ್ನು." ಇನ್ನೊಂದು ತಿರುವು: "ಎಣ್ಣೆ ಬಾಟ್ಲು, ನಿಧಾನ." ಒಂದು ಸಲ ಟಣ್ ಅಂತ ಸದ್ದು ಬಂದಾಗ "ಅದು ನಮ್ಮದಲ್ಲ" ಅಂದೆ, ಇಳಿದು ನೋಡಿದ್ರೆ ಯಾರದೋ ಮನೆಯ ಟೀ ಚಮಚ ಬಂದುಬಿಟ್ಟಿತ್ತು. ವಾಪಸ್ ಕೊಡೋಕೆ ಹೋಗಿ ಇನ್ನೊಂದು ಸಲ ಟೀ ಕುಡಿದು ಬಂದ್ವಿ. ಈಗಲೂ ತಿರುವಿನಲ್ಲಿ ಹೊರಳುತ್ತೆ ಕಣೇ. ಹೊರಳಿತು ಅಂತ ಗೊತ್ತಾಗುತ್ತೆ, ಅಷ್ಟೇ. ಏನು ಹೊರಳಿತು ಅಂತ ಹೇಳೋರಿಲ್ಲ. ಮೊದಮೊದಲು ಪಕ್ಕದ ಸೀಟಿನ ಕಡೆ ತಿರುಗ್ತಿದ್ದೆ. ಆಮೇಲೆ ಆ ಸೀಟಿನ ಮೇಲೆ ನನ್ನ ಬ್ಯಾಗು ಇಡೋಕೆ ಶುರು ಮಾಡ್ದೆ, ತಿರುಗಿದ್ರೆ ಏನಾದ್ರೂ ಕಾಣ್ಲಿ ಅಂತ.

ಮಂಗಳವಾರ ಏನಾಯ್ತು ಅಂದ್ರೆ, ದಪ್ಪ ಕನ್ನಡಕದ ಮೇಡಂ ಇದ್ದಾರಲ್ಲ, ರಿಟೈರಾದ ಮೇಲೆ ಊರಿನ ಮಕ್ಕಳಿಗೆಲ್ಲ ಫ್ರಾಕ್ ಹೊಲೀತಾರಲ್ಲ, ಅವರ ಮನೆಗೆ ಹೋಗಿದ್ದೆ. ಅವರ ಮಷೀನು ದಾರ ನುಂಗ್ತಿತ್ತು. ಡಿಕ್ಕಿ ತೆಗೆದ್ರೆ, ಎಣ್ಣೆ ಬಾಟ್ಲು ಮುಚ್ಚಳ ಬಿಚ್ಚಿ ಮಲಗಿದೆ. ಎಣ್ಣೆಯೆಲ್ಲ ಹರಿದು ಸಾಕ್ಷಿ ಚೀಲದ ಬುಡಕ್ಕೆ ಹೋಗಿದೆ. ಗಾಬರಿ ಆಗ್ಬೇಡ, ಪೂರ್ತಿ ಹಾಳಾಗಿಲ್ಲ. ಕೆಳಗಿನ ಒಂದು ನಲವತ್ತು ಪಟ್ಟಿ ನೆನೆದಿವೆ ಅಷ್ಟೇ. ಆದ್ರೂ ಅಲ್ಲೇ ರಸ್ತೆಯಲ್ಲಿ ನಿಂತು ಒಂದೊಂದೇ ತೆಗೆದು ನೋಡ್ದೆ. ಹತ್ತೊಂಬತ್ತು ವರ್ಷದಿಂದ ಒಂದೊಂದು ರಿಪೇರಿ ಮುಗಿದ ಮೇಲೂ ನೀನು ಗೇಣುದ್ದ ಬಟ್ಟೆ ಕತ್ತರಿಸಿ, ಅದೇ ಮಷೀನಿನಲ್ಲಿ ಒಂದು ಗೆರೆ ಹೊಲಿದು, ನಡುವೆ ಎರಡು ಭಾಗ ಮಾಡಿ, ಒಂದು ಅವರಿಗೆ ಕೊಟ್ಟು ಇನ್ನೊಂದರ ಮೇಲೆ ತಾರೀಖು ಬರೆದು ಚೀಲಕ್ಕೆ ಹಾಕ್ತಿದ್ದೆ. "ನಾಳೆ ಮಷೀನ್ ಸರಿ ಇಲ್ಲ ಅಂತ ಯಾರಾದ್ರೂ ಜಗಳಕ್ಕೆ ಬಂದ್ರೆ ಹೊಲಿಗೆನೇ ಸಾಕ್ಷಿ ಹೇಳುತ್ತೆ" ಅಂತ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಜಗಳಕ್ಕೆ ಬರಲಿಲ್ಲ. ಆದ್ರೂ ಚೀಲ ಬೆಳೀತಾನೇ ಹೋಯ್ತು.

ಆ ಮೇಡಂ ಮಷೀನು ಸರಿ ಮಾಡಿ, ನಾನೂ ಒಂದು ಬಟ್ಟೆ ಹರಿದು, ಗೆರೆ ಹೊಲಿದು ಕೊಟ್ಟೆ. ಅವರು ಅದನ್ನ ಬೆಳಕಿಗೆ ಹಿಡಿದು ನೋಡಿ, ಕನ್ನಡಕ ಮೇಲೆ ಕೆಳಗೆ ಮಾಡಿ, "ಹೊಲಿಗೆ ಚೆನ್ನಾಗಿದೆ. ಆದ್ರೆ ಇದೇನಪ್ಪಾ, ಮೊದಲು ಕತ್ತರಿಸಿ ಕೊಡ್ತಿದ್ರಿ, ಈಗ ಹರಿದು ಕೊಡ್ತೀರಲ್ಲ?" ಅಂದ್ರು. ನಾನು ಕತ್ತರಿ ಇಲ್ಲ ಮೇಡಂ ಅಂದೆ. ಅವರು ಸುಮ್ಮನಿರ್ತಾರಾ, ಕತ್ತರಿ ಇಲ್ವಾ, ಕತ್ತರಿ ಹಿಡಿಯೋರು ಇಲ್ವಾ ಅಂದುಬಿಟ್ರು. ಮೇಷ್ಟ್ರು ಕೆಲಸ ಮಾಡಿದೋರಿಗೆ ರಿಟೈರಾದ್ರೂ ತಪ್ಪು ಹುಡುಕೋದು ಬಿಡೋಕಾಗಲ್ಲ ಅನ್ಸುತ್ತೆ. ನಾನು ನಗೋ ಹಾಗೆ ಮಾಡಿ ಎದ್ದು ಬಂದೆ. ಆದ್ರೆ ಕಾರಿಗೆ ಬಂದು ಕೂತು ಕೀ ತಿರುಗಿಸೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಕತ್ತರಿ ವಿಷಯಕ್ಕೆ ಆಮೇಲೆ ಬರ್ತೀನಿ. ಈಗಲೇ ಬಂದ್ರೆ ಡಿಕ್ಕಿ ವಿಷಯ ಕೆಟ್ಟುಹೋಗುತ್ತೆ.

ಬುಧವಾರ ಅಂಗಡಿಗೆ ಹೋದೆ. ಕಾರಿನ ಸೀಟ್ ಕವರು, ಮ್ಯಾಟು ಎಲ್ಲ ಮಾರ್ತಾನಲ್ಲ, ಮೀಸೆಗೆ ಬಣ್ಣ ಹಾಕ್ಕೊಂಡು ತಲೆಗೆ ಹಾಕ್ಕೊಳ್ಳದೇ ಇರೋನು, ಅವನ ಅಂಗಡಿ. ಡಿಕ್ಕಿ ಸಾಮಾನು ಉರುಳದ ಹಾಗೆ ಏನಾದ್ರೂ ಬೇಕು ಅಂದೆ. "ಆರ್ಗನೈಸರ್ ಅನ್ನಿ ಸಾರ್" ಅಂದ. ಸರಿ, ಅದೇ ಅನ್ನಪ್ಪ ಅಂದೆ. ಅವನು ಒಂದೊಂದಾಗಿ ಇಳಿಸಿದ ನೋಡು, ನೀನು ಸೀರೆ ಅಂಗಡಿಯಲ್ಲಿ ಕೂತ ಹಾಗೆ ನಾನು ಕೂತೆ. ಒಂದು ಬಲೆ, ಸೀಟಿನ ಹಿಂದಕ್ಕೆ ಕಟ್ಟೋದು. ಅದರಲ್ಲಿ ಸೂಜಿ ಹಾಕಿದ್ರೆ ಸೂಜಿ ರಸ್ತೆಯಲ್ಲಿರುತ್ತೆ. ಒಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಖಾನೆಗಳಿರೋದು. ಚೆನ್ನಾಗಿತ್ತು, ಆದ್ರೆ ನಮ್ಮ ಡಿಕ್ಕಿ ಒಳಗೆ ಅಗಲ, ಬಾಯಿ ಚಿಕ್ಕದು, ಒಳಗೆ ಹಿಡಿಯೋ ಸೈಜು ಬಾಯಲ್ಲಿ ಹೋಗಲ್ಲ. ಇನ್ನೊಂದು ದಪ್ಪ ಬಟ್ಟೆಯದು, ಮಡಚಬಹುದು, ಎರಡು ಕಡೆ ಹಿಡಿಕೆ, ಒಳಗೆ ಚರ್ ಅಂತ ಕಿತ್ತು ಅಂಟಿಸೋ ಗೋಡೆಗಳು. ಆ ವೆಲ್ಕ್ರೋ ನೋಡಿದ ತಕ್ಷಣ ನಿನ್ನ ಮುಖ ಕಣ್ಣ ಮುಂದೆ ಬಂತು. ದಾರ, ಬಟ್ಟೆ ಚೂರು ಎಲ್ಲ ಅದಕ್ಕೆ ಕಚ್ಚಿಕೊಂಡು, ಒಂದು ವಾರದಲ್ಲಿ ಅದಕ್ಕೂ ಗಡ್ಡ ಬರುತ್ತೆ. ಆಮೇಲೆ ಹಿಡಿಕೆ. ನಾನು ಚೀಲವನ್ನ ಒಳಗೆ ಹೊರಗೆ ಮಾಡಿ ಹಿಡಿಕೆ ಬುಡದ ಹೊಲಿಗೆ ನೋಡ್ದೆ. ಎರಡೇ ಎರಡು ಗೆರೆ! ಮಷೀನಿನ ತಲೆ ಹನ್ನೆರಡು ಕೆಜಿ ಇರುತ್ತೆ, ಎರಡು ಗೆರೆಗೆ ನಿಲ್ಲುತ್ತಾ? ಚೌಕ ಹೊಲಿದು ಒಳಗೆ ಅಡ್ಡಡ್ಡ ಹಾಕ್ಬೇಡ್ವಾ? ನೀನಿದ್ದಿದ್ರೆ ಅಲ್ಲೇ ಬೆರಳಿಟ್ಟು ನಕ್ಕುಬಿಡ್ತಿದ್ದೆ. ಅಂಗಡಿಯವನು, "ಸಾರ್, ಎಲ್ಲಾರೂ ಹೊರಗಿಂದ ನೋಡ್ತಾರೆ, ನೀವು ಯಾಕೆ ಕರುಳು ಹೊರಗೆ ಹಾಕ್ತೀರಾ" ಅಂದ.

ಕೊನೆಗೆ ಅವನೇ ಇನ್ನೊಂದು ಹೇಳ್ದ. ಅಳತೆಗೆ ಮಾಡಿಸೋದು. ಮರದ ಡ್ರಾಯರು, ಡಿಕ್ಕಿ ತಳಕ್ಕೆ ಸ್ಕ್ರೂ ಹೊಡೆದು ಕೂರಿಸೋದು, ಒಂದು ಇಂಚೂ ವ್ಯರ್ಥ ಆಗಲ್ಲ, ಜನ್ಮಕ್ಕೆ ಅಲುಗಲ್ಲ. ನನಗೆ ಅದೇ ಮನಸ್ಸಿಗೆ ಹಿಡೀತು. ಜನ್ಮಕ್ಕೆ ಅಲುಗಲ್ಲ ಅಂದ್ನಲ್ಲ, ಆ ಮಾತು. ಆಗ ಅವನು ಎರಡು ಪ್ರಶ್ನೆ ಕೇಳ್ದ. ಒಂದು, ಎಷ್ಟು ಜನರ ಸಾಮಾನು ಸಾರ್, ಒಬ್ಬರದಾ ಇಬ್ಬರದಾ, ಖಾನೆ ಹಾಗೆ ಮಾಡಿಸ್ಬೇಕು. ನಾನು ಅವನ ಗೋಡೆ ಮೇಲಿನ ಗಡಿಯಾರ ನೋಡ್ದೆ. ಹೇಳ್ತೀನಿ ಅಂದೆ. ಇನ್ನೊಂದು, ಸ್ಟೆಪ್ನಿ ಟೈರ್ ಎಲ್ಲಿದೆ, ಮ್ಯಾಟ್ ಕೆಳಗಾ? ಹಾಗಿದ್ರೆ ಮೊದಲು ಎಲ್ಲ ಖಾಲಿ ಮಾಡಿ, ಮ್ಯಾಟ್ ಎತ್ತಿ, ಎಷ್ಟು ಆಳ ಇದೆ ಅಳೆದುಕೊಂಡು ಬನ್ನಿ ಅಂದ.

ಗುರುವಾರ ನಿನ್ನ ಫೋನು. ಇದನ್ನ ನಾನು ಹೇಳೋಕೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ, ಕಾಗದ ಅಲ್ವಾ. ಶಾಲೆಯೋರು ಇನ್ನೂ ಎರಡು ವರ್ಷ ಇರಿ ಅಂತಿದ್ದಾರೆ, ಮುಂದಿನ ವಾರ ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಹೇಳ್ಬೇಕು ಅಂತ ನೀನು ಅಂದೆ. ಆಮೇಲೆ, "ಏನು ಹೇಳ್ಲಿ ರೀ?" ಅಂದೆ. ನಾನು ಏನಂದೆ? ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು ಅಂದೆ. ಅಂದು, ಹನ್ನೆರಡು ನಿಮಿಷ ಆರ್ಗನೈಸರ್ ಬಗ್ಗೆ ಮಾತಾಡ್ದೆ. ಬಲೆ, ಪ್ಲಾಸ್ಟಿಕ್ಕು, ವೆಲ್ಕ್ರೋ, ಮರದ ಡ್ರಾಯರು, ಎಲ್ಲ. ನೀನು ಹೂಂ ಹೂಂ ಅಂತಿದ್ದೆ. ಕೊನೆಗೆ ನೀನು ಕೇಳಿದ್ದು ಅಷ್ಟೇ: "ಹಾಗಾದ್ರೆ ಈ ಸಲವಾದ್ರೂ ಡಿಕ್ಕಿ ಖಾಲಿ ಮಾಡ್ತೀರಾ?" ಆ 'ಈ ಸಲವಾದ್ರೂ' ಅನ್ನೋದು ಎರಡು ದಿನ ಕಿವಿಯಲ್ಲೇ ಇತ್ತು.

ಈಗ ಕತ್ತರಿ ವಿಷಯ. ಟೀಚರಮ್ಮಾ, ನಿನ್ನ ಮೇಲೆ ನನಗೆ ಒಂಬತ್ತು ತಿಂಗಳಿಂದ ಒಂದು ಕೋಪ ಇತ್ತು. ನಿನಗೆ ಗೊತ್ತಿಲ್ಲ. ಅಥವಾ ಕೋಪ ಇದೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿಲ್ಲ. ನೀನು ಹೊರಟ ದಿನ ಬಸ್ಸಿನ ಹತ್ರ ನಾನು ಹೋಗೋದಿದ್ರೆ ಹೋಗು, ನನಗೇನೂ ಆಗಲ್ಲ ಅಂದಿದ್ದೆ. ಅದು ಬಾಯಿಮಾತು. ಒಂದು ವರ್ಷ ತಾನೇ, ಪಾಠ ಹೇಳ್ಬೇಕು ಅನ್ನೋದು ನಿನ್ನ ಎಷ್ಟು ವರ್ಷದ ಆಸೆ ಅಂತ ನನಗಿಂತ ಯಾರಿಗೆ ಗೊತ್ತು, ಒಳಗೊಳಗೆ ಹೆಮ್ಮೆನೇ ಇತ್ತು. ಮನೆಗೆ ಬಂದು ಬಾಗಿಲು ತೆಗೆದು, ಏನೋ ಒಂದು ನೆವಕ್ಕೆ ನಿನ್ನ ಮಷೀನಿನ ಡ್ರಾಯರು ಎಳೆದೆ. ಟೇಪ್ ಇತ್ತು, ಸೀಮೆಸುಣ್ಣ ಇತ್ತು, ಬೆರಳಿಗೆ ಹಾಕೋ ಟೋಪಿ ಇತ್ತು. ಕತ್ತರಿ ಇರ್ಲಿಲ್ಲ. ನಿನ್ನ ಆ ಹನ್ನೆರಡು ಇಂಚಿನ ಕಬ್ಬಿಣದ ಕತ್ತರಿ, ಮದುವೆಗೆ ಮುಂಚಿನದು, ಹಿಡಿ ನಿನ್ನ ಹೆಬ್ಬೆರಳಿನ ಆಕಾರಕ್ಕೇ ಸವೆದಿರೋದು. ನಾನು ಅಲ್ಲೇ ಕೂತುಬಿಟ್ಟೆ. ಆ ಶಾಲೆಯಲ್ಲಿ ಕತ್ತರಿ ಅವರೇ ಕೊಡ್ತಾರೆ ಅಂತ ನೀನೇ ಹೇಳಿದ್ದೆ. ಒಂದು ವರ್ಷಕ್ಕೆ ಹೋಗೋಳು ಟೇಪ್ ಬಿಟ್ಟು ಕತ್ತರಿ ಯಾಕೆ ತಗೊಂಡು ಹೋಗ್ತಾಳೆ? ಹೊಲಿಯೋರು ಕತ್ತರಿ ತಗೊಂಡು ಹೋದ್ರು ಅಂದ್ರೆ ಅಂಗಡಿ ಎತ್ತಿದ ಹಾಗೇ ಅಲ್ವಾ? ಅಂತ ನಾನೇ ಕೇಳಿಕೊಂಡು ನಾನೇ ತೀರ್ಮಾನ ಮಾಡ್ಕೊಂಡೆ. ಒಂದು ಮಾತು ನಿನ್ನ ಕೇಳಬಹುದಿತ್ತು. ಇಷ್ಟು ಮಾತಾಡೋ ಬಾಯಿ, ಅದೊಂದಕ್ಕೆ ಬೀಗ ಹಾಕ್ಕೊಂಡು ಕೂತಿತ್ತು. ಬೇರೆ ಕತ್ತರಿನೂ ತಗೊಳ್ಳಲಿಲ್ಲ. ಹರಿದು ಹರಿದು ಕೊಡ್ತಾ ಬಂದೆ.

ನಿನ್ನೆ ಶನಿವಾರ. ಬೆಳಿಗ್ಗೆ ಟೀ ಕುಡಿದು, ರಗ್ಗು ಹಾಸಿ, ಒಂದೊಂದೇ ಇಳಿಸ್ದೆ. ಎದುರು ಮನೆ ಲಾಂಡ್ರಿಯವರು ಅಂಗಡಿ ಖಾಲಿ ಮಾಡ್ತಿದ್ದೀರಾ ಅಂತ ಕೇಳಿದ್ರು. ಇಲ್ಲಪ್ಪ, ಅಳತೆ ತಗೊಳ್ತಿದ್ದೀನಿ ಅಂದೆ. ಬಾಬಿನ್ನು, ಸೂಜಿ, ಬೆಲ್ಟು, ಮೂರು ಪೆಡಲ್ಲು, ನೀನು ಕಳೆದುಹೋಯ್ತು ಅಂತ ಅತ್ತಿದ್ದ ಕೊಡೆ, ಎಲ್ಲ ಹೊರಗೆ ಬಂತು. ಮ್ಯಾಟ್ ಎತ್ತಿದೆ. ಸ್ಟೆಪ್ನಿ. ಅದರ ನಡುವಿನ ಗುಂಡಿಯಲ್ಲಿ ಒಂದು ಬಟ್ಟೆ ಗಂಟು. ಎಣ್ಣೆ ಒರೆಸೋ ಫ್ಲಾನೆಲ್ಲು, ಸುತ್ತಿ, ಮೇಲೆ ಓಡುಹೊಲಿಗೆ ಹಾಕಿದೆ. ಕೈಗೆ ತಗೊಂಡ ತಕ್ಷಣ ತೂಕಕ್ಕೇ ಗೊತ್ತಾಯ್ತು. ಬಿಚ್ಚೋಕೆ ಧೈರ್ಯ ಬರಲಿಲ್ಲ, ಗೊತ್ತಾ? ಡಿಕ್ಕಿ ಅಂಚಿನ ಮೇಲೆ ಕೂತೆ. ಲಾಂಡ್ರಿಯವರು ನೋಡ್ತಿದ್ರು, ನೋಡ್ಲಿ ಅಂತ ಕೂತೆ. ಆಮೇಲೆ ಹೊಲಿಗೆ ಎಳೆದೆ. ಕತ್ತರಿ. ಜೊತೆಗೆ ಒಂದು ಸಾಕ್ಷಿ ಪಟ್ಟಿ, ನೀನು ಹೊರಟ ದಿನದ ತಾರೀಖು, ಅದರ ಕೆಳಗೆ ನಿನ್ನ ದುಂಡನೆ ಅಕ್ಷರದಲ್ಲಿ: "ಇದರಲ್ಲಿ ಸ್ಯಾಂಡ್‌ಪೇಪರ್ ಕತ್ತರಿಸಬೇಡಿ. ನಾನು ಬಂದ ಮೇಲೆ ನನಗೆ ಬೇಕು."

ನಾನು ನಕ್ಕೆ ಕಣೇ. ನಿಜವಾಗ್ಲೂ ಜೋರಾಗಿ ನಕ್ಕೆ. ಏಳು ವರ್ಷದ ಹಿಂದೆ ಒಂದೇ ಒಂದು ಸಲ, ಒಂದೇ ಒಂದು ತುಂಡು ಸ್ಯಾಂಡ್‌ಪೇಪರ್ ಕತ್ತರಿಸಿದ್ದೆ ಅದರಲ್ಲಿ. ಬಟ್ಟೆ ಕತ್ತರಿಯಲ್ಲಿ ಸ್ಯಾಂಡ್‌ಪೇಪರ್! ಅವತ್ತು ನೀನು ಮೂರು ದಿನ ಮಾತಾಡ್ಲಿಲ್ಲ, ಸಾಣೆ ಹಿಡಿಸಿದ ಮೇಲೂ ಮಾತಾಡ್ಲಿಲ್ಲ. ಆ ಭಯಕ್ಕೆ ನೀನು ಮನೆಯಲ್ಲಿಟ್ಟು ಹೋಗೋಕೆ ಹೆದರಿ, ನಾನು ಜನ್ಮದಲ್ಲಿ ಕೈ ಹಾಕದ ಜಾಗ ಯಾವುದು ಅಂತ ಯೋಚನೆ ಮಾಡಿ ಅಲ್ಲಿ ಬಚ್ಚಿಟ್ಟೆ. ಆಮೇಲೆ ಅಲ್ಲಿ ತೇವಕ್ಕೆ ತುಕ್ಕು ಹಿಡಿಯುತ್ತೆ ಅಂತ ಚಿಂತೆ ಹತ್ತಿರಬೇಕು, ಅದಕ್ಕೆ ವಾರ ವಾರ ಡಿಕ್ಕಿ ಖಾಲಿ ಮಾಡಿದ್ರಾ, ಡಿಕ್ಕಿ ಖಾಲಿ ಮಾಡಿದ್ರಾ. ಬಾಯಿಬಿಟ್ಟು ಹೇಳಿದ್ರೆ ನಾನು ಸ್ಯಾಂಡ್‌ಪೇಪರ್ ತಗೊಂಡು ಓಡ್ತೀನಿ ಅಂತ ಹೆದರಿಕೆನಾ? ಅಥವಾ ನಾನೇ ಹುಡುಕಲಿ ಅಂತ ಕಾಯ್ತಿದ್ದೆಯಾ? ಗೊತ್ತಿಲ್ಲ. ಇಬ್ಬರೂ ಸರಿಯಾಗೇ ಇದ್ದೀವಿ. ಒಂಬತ್ತು ತಿಂಗಳಲ್ಲಿ ಒಂದೇ ಒಂದು ಪಂಕ್ಚರ್ ಆಗಿದ್ರೆ ಸಾಕಾಗಿತ್ತು. ಒಂದೇ ಒಂದು ಮೊಳೆ. ಸ್ಟೆಪ್ನಿ ತೆಗೀತಿದ್ದೆ, ಕತ್ತರಿ ಸಿಗ್ತಿತ್ತು, ಅವತ್ತೇ ನಿನಗೆ ಫೋನ್ ಮಾಡ್ತಿದ್ದೆ. ನೀನು ಹೋಗೋ ಹಿಂದಿನ ವಾರ ನಾಲ್ಕೂ ಟೈರ್ ಹೊಸದು ಹಾಕಿಸಿದ್ನಲ್ಲ, ಒಳ್ಳೇ ಟೈರು, ಹಾಳಾಗ್ಹೋಗ, ಒಂದು ಸಲವೂ ಕೈ ಕೊಡಲಿಲ್ಲ.

ಕತ್ತರಿಗೆ ತಿರುಪಿನ ಹತ್ರ ಚೂರೇ ಚೂರು ತುಕ್ಕಿತ್ತು. ಒರೆಸಿ, ಎಣ್ಣೆ ಬಿಟ್ಟೆ. ಈಗ ಕೇಳು, ಫೋನ್ ಹತ್ರ ಹಿಡೀತೀನಿ... ಕೇಳಿಸ್ತಾ? ಅದೇ ಸದ್ದು. ಆ ಸದ್ದಿಗೆ ನಾನು ಬೆಳಿಗ್ಗೆ ಏಳ್ತಿದ್ದೆ, ಇಪ್ಪತ್ತೈದು ವರ್ಷ. ನೀನು ಬೇಗ ಎದ್ದು ಬಟ್ಟೆ ಕತ್ತರಿಸೋಕೆ ಕೂತಿರ್ತಿದ್ದೆ. ಈಗ ಅಲಾರಂ ಇಟ್ಕೊಂಡಿದ್ದೀನಿ. ಅಲಾರಂ ಎಬ್ಬಿಸುತ್ತೆ, ನಿಜ. ಆದ್ರೆ ಎದ್ದ ಮೇಲೆ ಮನೆಯಲ್ಲಿ ಯಾರಾದ್ರೂ ಇದ್ದಾರೆ ಅಂತ ಅದು ಹೇಳಲ್ಲ.

ನಿನ್ನೆ ಮಧ್ಯಾಹ್ನವೇ ಕತ್ತರಿ ತಗೊಂಡು ಅಂಗಡಿಗೆ ಹೋದೆ. ಮೀಸೆಯವನು ಕತ್ತರಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಅಳತೆಗೆ ತಂದಿದ್ದೀನಪ್ಪ ಅಂದೆ. "ಟೇಪ್ ಕೊಡ್ತಿದ್ನಲ್ಲ ಸಾರ್" ಅಂದ. ಮರದ ಡ್ರಾಯರು ಬೇಡ ಅಂದೆ. ಎಷ್ಟು ಜನರ ಸಾಮಾನು ಅಂತ ಕೇಳಿದ್ಯಲ್ಲ, ಇಬ್ಬರದು ಅಂದೆ. ಆ ಬಟ್ಟೆಯದನ್ನೇ ತೆಗೆಸಿ, ಒಂದೊಂದು ಖಾನೆಗೂ ಕತ್ತರಿ ಇಟ್ಟು ನೋಡ್ದೆ. ಮೊದಲ ಖಾನೆಯಲ್ಲಿ ನೆಟ್ಟಗೆ ಮಲಗಿತು, ತುದಿಯಲ್ಲಿ ಎರಡು ಬೆರಳು ಜಾಗ ಉಳೀತು. ಮನೆಗೆ ತಂದು ನಿನ್ನ ಮಷೀನಿನಲ್ಲೇ ಕೂತು ಹಿಡಿಕೆ ಬುಡಕ್ಕೆ ಚೌಕ ಹೊಲಿದು ಅಡ್ಡಡ್ಡ ಹಾಕ್ದೆ, ದಪ್ಪ ಸೂಜಿ, ದಪ್ಪ ದಾರ. ಮೂಲೆಯಲ್ಲಿ ಸ್ವಲ್ಪ ಸೊಟ್ಟ ಹೋಗಿದೆ, ನೋಡಿದ ತಕ್ಷಣ ನಿನಗೆ ಕಾಣುತ್ತೆ, ಬೈಯಬೇಕು ಅಂತ ಹಾಗೇ ಬಿಟ್ಟಿದ್ದೀನಿ. ವೆಲ್ಕ್ರೋಗೆಲ್ಲ ಬಟ್ಟೆ ಮುಚ್ಚಿ ಹೊಲಿದುಬಿಟ್ಟೆ. ತಳಕ್ಕೆ ಎಣ್ಣೆ ಇಳಿಯದ ಹಾಗೆ ರೆಕ್ಸಿನ್. ಮಷೀನಿನ ತಲೆ ಒಳಗಿಟ್ಟು ಅಳಿಯನನ್ನ ಕರೆದು, ಎರಡು ಕಡೆ ಹಿಡಿದು ಎತ್ತಿದ್ವಿ. ಪೂರಾ ವರ್ಕ್‌ಶಾಪು ಒಂದೇ ಸಲಕ್ಕೆ ಮೇಲೆದ್ದು ಬಂತು. ಹಿಡಿಕೆ ಕಮಕ್ ಕಿಮಕ್ ಅನ್ನಲಿಲ್ಲ. ಅಳಿಯ ಮಾತ್ರ "ಮಾವ, ಸೊಂಟ" ಅಂದ. ಎಣ್ಣೆ ಬಿದ್ದ ಪಟ್ಟಿಗಳನ್ನ ಸೋಪಿನಲ್ಲಿ ಒಗೆದು ದಾರದ ಮೇಲೆ ಒಣಹಾಕಿದ್ದೀನಿ. ಈಗ ಇಲ್ಲಿಂದ ಕಾಣ್ತಿವೆ. ಪೆನ್ಸಿಲ್ ಅಕ್ಷರ ಸ್ವಲ್ಪ ಮಾಸಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ.

ಇಷ್ಟೇ ಸುದ್ದಿ. ನಿನ್ನ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು. ಗೆರೆ ಸೊಟ್ಟ ಹೋದ್ರೆ ಜಾಸ್ತಿ ಗದರಬೇಡ, ಅವರೂ ಹೆದರಿ ಏನೇನೋ ಬಚ್ಚಿಡ್ತಾರೆ. ಸ್ಟೂಲ್ ಕೇಳು. ಮಗಳು, ಅಳಿಯ ನೆನಪು ಹೇಳಿದ್ದಾರೆ, ದಪ್ಪ ಕನ್ನಡಕದ ಮೇಡಂ ಕೂಡ. ಚೆನ್ನಾಗಿರು, ಬಿಸಿಬಿಸಿ ಊಟ ಮಾಡು.

ನಿನ್ನ,
ನಿಲ್ಲಿಸೋಕೆ ಬಾರದ ನಲ್ಲಿ

ಮರೆತಿದ್ದೆ. ಬ್ಯಾಟರಿ ನಾಲ್ಕು ಪರ್ಸೆಂಟ್ ತೋರಿಸ್ತಿದೆ, ಬೇಗ ಹೇಳ್ತೀನಿ. ಶುಕ್ರವಾರ ಅವರಿಗೆ ಹೂಂ ಅಂದುಬಿಡು, ಎರಡು ವರ್ಷಕ್ಕೂ. ನಿನ್ನೆ ಕತ್ತರಿ ಸಿಕ್ಕ ಮೇಲೆ ನಿನ್ನ ಇನ್ನೊಂದು ಮಾತು ನೆನಪಾಯ್ತು. ಶಾಲೆಯಲ್ಲಿ ಹನ್ನೊಂದು ಮಷೀನು ಕೆಟ್ಟು ಮೂಲೆಗೆ ಬಿದ್ದಿವೆ, ಆ ಊರಲ್ಲಿ ರಿಪೇರಿಯೋರೇ ಇಲ್ಲ ಅಂತ ಮೂರು ಸಲ ಹೇಳಿದ್ದೆ. ಮೂರು ಸಲವೂ ನಾನು ಫೋನಿನಲ್ಲೇ ರಿಪೇರಿ ಹೇಳಿಕೊಟ್ಟೆ, ಪೆದ್ದ. ಮರದ ಡ್ರಾಯರು ಬೇಡ ಅಂದಿದ್ದು ಅದಕ್ಕೇ. ಸ್ಕ್ರೂ ಹೊಡೆದಿದ್ದು ಡಿಕ್ಕಿಯಲ್ಲೇ ಇರುತ್ತೆ. ಈ ಬಟ್ಟೆ ಚೀಲ ಎತ್ತಿ ಎಲ್ಲಿ ಬೇಕಾದ್ರೂ ಇಳಿಸಬಹುದು. ಮನೆ ಬೀಗದ ಕೈ ಮಗಳು ಇಟ್ಕೊಳ್ತಾಳಂತೆ. ಸ್ಯಾಂಡ್‌ಪೇಪರಿಗೆ ಬೇರೆ ಕತ್ತರಿ ತಗೊಂಡಿದ್ದೀನಿ. ಪಕ್ಕದ ಸೀಟಿನಿಂದ ಬ್ಯಾಗು ತೆಗೆದು ಹಿಂದಕ್ಕೆ ಹಾಕಿದ್ದೀನಿ. ಡಿಕ್ಕಿ ಖಾಲಿನೂ ಮಾಡ್ದೆ, ತುಂಬಿಸಿಯೂ ಆಯ್ತು. ಮೂರು ಪರ್ಸೆಂಟ್. ಒಂಬತ್ತು ತಿಂಗಳಿಂದ ನೀನು ಕೇಳಿದೆ, ಈಗ ನಾನು ಕೇಳ್ತೀನಿ: ಬರ್ಲಾ?